ಹಳೆಯ ಜೀಪಿನ ಇಂಧನ ಮೀಟರು: ದೋಷ ಪತ್ತೆ ಮತ್ತು ದುರಸ್ತಿ

ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಮೊದಲಾದ ಕಡೆಗಳ ಕಾಫಿ ತೋಟಗಳಲ್ಲಿಯೂ ಮಲೆನಾಡಿನ ಅಡಿಕೆ ತೋಟಗಳಲ್ಲಿಯೂ ಹಳೆಯ ಜೀಪುಗಳು ಇಂದಿಗೂ ದುಡಿಯುತ್ತಿವೆ. ಎರಡನೆಯ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನ ವಂಶಕ್ಕೆ ಸೇರಿದ ಈ ವಾಹನಗಳ ಜೋಡಣೆಯನ್ನು ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ಭಾರತದಲ್ಲಿ ಆರಂಭಿಸಿತು. ಗೊಬ್ಬರದ ಮೂಟೆ, ಸಿಂಪರಣೆಯ ಸಾಮಾನು, ಕೆಲಸದ ಆಳುಗಳು, ಕೊಯ್ಲಿನ ಫಸಲು ಇವೆಲ್ಲವನ್ನೂ ಕೆಸರು ಮತ್ತು ಏರುದಾರಿಗಳಲ್ಲಿ ಸಾಗಿಸಲು ಇವುಗಳಿಗೆ ಸರಿಸಾಟಿಯಾದ ವಾಹನಗಳು ಕಡಿಮೆ. ಕೊಡಚಾದ್ರಿಯ ಕಡಿದಾದ ದಾರಿಯಲ್ಲಿ ಯಾತ್ರಿಕರನ್ನು ಹೊತ್ತೊಯ್ಯುವುದೂ ಜೀಪುಗಳೇ.

ಇಂತಹ ಗಟ್ಟಿ ವಾಹನಗಳಲ್ಲಿಯೂ ಬಹುಬೇಗ ಕೆಡುವ ಭಾಗವೆಂದರೆ ಇಂಧನ ಮೀಟರು. ಎಂಜಿನ್ ಓಡುತ್ತದೆ, ಬ್ರೇಕು ಹಿಡಿಯುತ್ತದೆ. ಮೀಟರಿನ ಮುಳ್ಳು ಮಾತ್ರ ಎಲ್ಲಿಯೋ ನಿಂತಿರುತ್ತದೆ. ಹೆಚ್ಚಿನವರು ಇದನ್ನು ಸಣ್ಣ ದೋಷವೆಂದು ಬಿಟ್ಟುಬಿಡುತ್ತಾರೆ. ಆದರೆ ಇದರ ಪರಿಣಾಮ ಸಣ್ಣದಲ್ಲ. 40 ಲೀಟರಿನ ಟ್ಯಾಂಕಿನಲ್ಲಿ ಮುಳ್ಳು ಕಾಲು ಭಾಗ ತೋರಿಸಿದರೆ 10 ಲೀಟರ್ ಇದೆಯೆಂದು ಚಾಲಕ ನಂಬುತ್ತಾನೆ. ಲೀಟರಿಗೆ 10 ಕಿ.ಮೀ. ಎಂದು ಹಿಡಿದರೆ 100 ಕಿ.ಮೀ. ಹೋಗಬಹುದೆಂಬ ಲೆಕ್ಕ. ನಿಜವಾಗಿ ಇರುವುದು 3 ಲೀಟರ್ ಮಾತ್ರವಾದರೆ 30 ಕಿ.ಮೀ.ಗೇ, ಏರುದಾರಿಯಾದರೆ ಅದಕ್ಕೂ ಮುಂಚೆಯೇ, ವಾಹನ ನಿಲ್ಲುತ್ತದೆ. ಮಳೆಗಾಲದ ರಾತ್ರಿಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಹೀಗಾದರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ.

ಡೀಸೆಲ್ ಎಂಜಿನ್ನಿನಲ್ಲಿ ಇನ್ನೊಂದು ತೊಂದರೆಯೂ ಇದೆ. ಟ್ಯಾಂಕು ಪೂರ್ತಿ ಬರಿದಾದರೆ ಇಂಧನದ ಕೊಳವೆಗಳಿಗೆ ಗಾಳಿ ಸೇರಿಕೊಳ್ಳುತ್ತದೆ. ಆಮೇಲೆ ಡೀಸೆಲ್ ತಂದು ಸುರಿದರೂ ಎಂಜಿನ್ ಕೂಡಲೇ ಹೊರಡುವುದಿಲ್ಲ. ಫಿಲ್ಟರು ಮತ್ತು ಪಂಪಿನ ತಿರುಪುಗಳನ್ನು ಸಡಿಲಿಸಿ ಗಾಳಿಯನ್ನು ಹೊರಗೆ ಬಿಡಬೇಕಾಗುತ್ತದೆ. ಟ್ಯಾಂಕಿನ ತಳದಲ್ಲಿ ಕುಳಿತ ನೀರು ಮತ್ತು ಕಸವೂ ಫಿಲ್ಟರಿನತ್ತ ಹರಿದುಬರುತ್ತದೆ.

ಮುಳ್ಳು ತಪ್ಪು ತೋರಿಸಿದ ಕೂಡಲೇ ಹೊಸ ಮೀಟರು ಕೊಳ್ಳುವುದು ರೂಢಿ. ಆದರೆ ಅನೇಕ ಸಲ ದೋಷವಿರುವುದು ಮೀಟರಿನಲ್ಲಲ್ಲ. ತುಕ್ಕು ಹಿಡಿದ ಅರ್ಥಿಂಗಿನಲ್ಲಿ, ತುಂಡಾದ ವೈರಿನಲ್ಲಿ ಅಥವಾ ಟ್ಯಾಂಕಿನೊಳಗಿನ ಯೂನಿಟ್ಟಿನಲ್ಲಿ. ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ ಕ್ರಮವಾಗಿ ಮುಂದುವರಿದರೆ ದೋಷವನ್ನು ಮನೆಯ ಅಂಗಳದಲ್ಲಿಯೇ ಪತ್ತೆ ಮಾಡಬಹುದು. ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೀಟರು ಕೆಲಸ ಮಾಡುವ ಬಗೆ

ಇಂಧನ ಮೀಟರಿನ ವ್ಯವಸ್ಥೆಯಲ್ಲಿ ಮೂರು ಭಾಗಗಳಿವೆ: ಡ್ಯಾಶ್‌ಬೋರ್ಡಿನಲ್ಲಿರುವ ಮೀಟರು, ಟ್ಯಾಂಕಿನೊಳಗೆ ಇಳಿಬಿಟ್ಟಿರುವ ಟ್ಯಾಂಕ್ ಯೂನಿಟ್, ಇವೆರಡನ್ನೂ ಜೋಡಿಸುವ ವೈರು.

ಟ್ಯಾಂಕ್ ಯೂನಿಟ್ಟಿನಲ್ಲಿ ಒಂದು ಫ್ಲೋಟು ಇರುತ್ತದೆ. ಬಾವಿಯ ನೀರಿನ ಮೇಲೆ ಖಾಲಿ ಕೊಡ ತೇಲುವಂತೆ ಇದು ಇಂಧನದ ಮೇಲೆ ತೇಲುತ್ತದೆ. ಇಂಧನ ಇಳಿದಂತೆ ಫ್ಲೋಟೂ ಇಳಿಯುತ್ತದೆ. ಫ್ಲೋಟಿನ ಕಡ್ಡಿಯ ಇನ್ನೊಂದು ತುದಿಯಲ್ಲಿರುವ ತಗಡಿನ ನಾಲಿಗೆಯು ಸಣ್ಣ ತಂತಿಯ ಸುರುಳಿಯ ಮೇಲೆ ಜಾರುತ್ತದೆ. ಇದರಿಂದ ವಿದ್ಯುತ್ತಿಗೆ ಒಡ್ಡುವ ತಡೆ, ಅಂದರೆ ರೋಧ, ಹೆಚ್ಚು ಕಡಿಮೆಯಾಗುತ್ತದೆ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಮೀಟರನ್ನು ಹಾದು, ವೈರಿನ ಮೂಲಕ ಟ್ಯಾಂಕ್ ಯೂನಿಟ್ಟಿಗೆ ಬಂದು, ಸುರುಳಿಯನ್ನು ದಾಟಿ, ಟ್ಯಾಂಕಿನ ಲೋಹದಿಂದ ಚಾಸಿಗೆ ಸೇರಿ, ಬ್ಯಾಟರಿಗೆ ಹಿಂತಿರುಗುತ್ತದೆ. ಈ ಹಿಂತಿರುಗುವ ದಾರಿಯನ್ನೇ ಅರ್ಥಿಂಗ್ ಎನ್ನುವುದು. ಈ ದಾರಿಯಲ್ಲಿ ಎಲ್ಲಿಯೇ ತುಕ್ಕು ಅಥವಾ ಬಣ್ಣ ಅಡ್ಡ ಬಂದರೂ ಅದು ಹೆಚ್ಚಿನ ರೋಧವಾಗಿ ಸೇರಿಕೊಂಡು ಮುಳ್ಳನ್ನು ದಾರಿ ತಪ್ಪಿಸುತ್ತದೆ.

ಮೀಟರುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಬಿಸಿಯಿಂದ ಬಾಗುವ ಜೋಡಿ ಲೋಹದ ಪಟ್ಟಿಯುಳ್ಳದ್ದು. ಇದರಲ್ಲಿ ಕೀಲಿ ತಿರುಗಿಸಿದ ಮೇಲೆ ಮುಳ್ಳು ನಿಧಾನವಾಗಿ ಏರುತ್ತದೆ. ಇಂತಹ ಮೀಟರಿಗೆ ಬ್ಯಾಟರಿಯ ವೋಲ್ಟೇಜನ್ನು ತಗ್ಗಿಸಿ ಸ್ಥಿರವಾಗಿಡುವ ರೆಗ್ಯುಲೇಟರು ಇರುತ್ತದೆ. ಅದೇ ರೆಗ್ಯುಲೇಟರು ಸಾಮಾನ್ಯವಾಗಿ ಉಷ್ಣತೆಯ ಮೀಟರಿಗೂ ವಿದ್ಯುತ್ತನ್ನು ಒದಗಿಸುತ್ತದೆ. ಇನ್ನೊಂದು, ಕಾಂತದ ಸುರುಳಿಗಳುಳ್ಳದ್ದು. ಇದರಲ್ಲಿ ಮುಳ್ಳು ಕೂಡಲೇ ಏರುತ್ತದೆ.

ಎಲ್ಲ ಯೂನಿಟ್ಟುಗಳ ರೋಧವೂ ಒಂದೇ ಅಲ್ಲ. ಬಳಕೆಯಲ್ಲಿರುವ ಪ್ರಮುಖ ಬಗೆಗಳು ಹೀಗಿವೆ:

1. ಖಾಲಿ ಇರುವಾಗ ಸುಮಾರು 240 ಓಂ, ತುಂಬಿದಾಗ 33 ಓಂ.
2. ಖಾಲಿ ಇರುವಾಗ ಸುಮಾರು 73 ಓಂ, ತುಂಬಿದಾಗ 10 ಓಂ.
3. ಖಾಲಿ ಇರುವಾಗ 0 ಓಂ, ತುಂಬಿದಾಗ 90 ಓಂ.
4. ಖಾಲಿ ಇರುವಾಗ ಸುಮಾರು 10 ಓಂ, ತುಂಬಿದಾಗ 180 ಓಂ.

ಮೊದಲೆರಡು ಬಗೆಗಳಲ್ಲಿ ಇಂಧನ ಹೆಚ್ಚಿದಂತೆ ರೋಧ ಇಳಿಯುತ್ತದೆ. ಕೊನೆಯ ಎರಡರಲ್ಲಿ ಏರುತ್ತದೆ. ವಾಹನದಲ್ಲಿ ಯಾವ ಬಗೆ ಇದೆಯೆಂಬುದನ್ನು ತಿಳಿದುಕೊಂಡರೆ ಮುಂದಿನ ಕೆಲಸ ಸುಲಭ.

ಮೊದಲು ಕಡ್ಡಿಯಿಂದ ಅಳೆಯಿರಿ

ಮೀಟರು ತಪ್ಪು ತೋರಿಸುತ್ತಿದೆ ಎಂದು ನಿರ್ಧರಿಸುವ ಮುನ್ನ ಟ್ಯಾಂಕಿನಲ್ಲಿ ನಿಜವಾಗಿ ಎಷ್ಟು ಇಂಧನ ಇದೆಯೆಂದು ನೋಡಬೇಕು. ಹಳೆಯ ವಿಲ್ಲಿಸ್ ಮಾದರಿಯ ಜೀಪಿನಲ್ಲಿ ಟ್ಯಾಂಕು ಚಾಲಕನ ಆಸನದ ಕೆಳಗೇ ಇರುವುದರಿಂದ ಕಡ್ಡಿಯನ್ನು ನೇರವಾಗಿ ಇಳಿಸಬಹುದು. ಚೆನ್ನಾಗಿ ನಯ ಮಾಡಿದ ಒಣ ಬಿದಿರಿನ ಕಡ್ಡಿ ಇದಕ್ಕೆ ಸಾಕು. ಪೆಟ್ರೋಲಿನ ಒದ್ದೆ ಬೇಗ ಆರಿಹೋಗುವುದರಿಂದ ಕಡ್ಡಿಗೆ ಸೀಮೆಸುಣ್ಣ ಬಳಿದು ಇಳಿಸಿದರೆ ಗುರುತು ಸ್ಪಷ್ಟವಾಗಿ ಕಾಣುತ್ತದೆ. ಕಬ್ಬಿಣದ ಸರಳನ್ನು ಬಳಸಬಾರದು.

ವಾಹನವು ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು. ಇಳಿಜಾರಿನಲ್ಲಿ ಇಂಧನ ಒಂದು ಬದಿಗೆ ಸೇರುವುದರಿಂದ ಮುಳ್ಳು ಏರುವುದು ಅಥವಾ ಇಳಿಯುವುದು ಸಹಜ; ಅದು ದೋಷವಲ್ಲ. ವಾಹನ ನಿಲ್ಲಿಸಿ ಎರಡು ನಿಮಿಷ ಕಾದು, ಕೀಲಿ ತಿರುಗಿಸಿ ಮುಳ್ಳನ್ನು ನೋಡಿ, ಕೀಲಿಯನ್ನು ಮುಚ್ಚಿದ ಮೇಲೆ ಕಡ್ಡಿಯ ಅಳತೆ ತೆಗೆದುಕೊಳ್ಳಬೇಕು. ಎರಡನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಟ್ಯಾಂಕು ತುಂಬಿದ್ದಾಗ, ಅರ್ಧವಿದ್ದಾಗ, ಕಾಲು ಭಾಗವಿದ್ದಾಗ ಹೀಗೆ ಮೂರು ಸಲ ನೋಡಿದರೆ ದೋಷದ ಸ್ವರೂಪ ಅರ್ಧ ತಿಳಿದಂತೆಯೇ.

ಮುನ್ನೆಚ್ಚರಿಕೆಗಳು

ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲದ ಮಟ್ಟದಲ್ಲಿ ಹರಡಿ, ದೂರದ ಕಿಡಿಯಿಂದಲೂ ಹೊತ್ತಿಕೊಳ್ಳಬಲ್ಲದು. ಖಾಲಿ ಟ್ಯಾಂಕಿನಲ್ಲಿ ಆವಿ ತುಂಬಿರುವುದರಿಂದ ಅದು ತುಂಬಿದ ಟ್ಯಾಂಕಿಗಿಂತ ಹೆಚ್ಚು ಅಪಾಯಕಾರಿ. ಆದುದರಿಂದ ಕೆಳಗಿನ ನಿಯಮಗಳನ್ನು ತಪ್ಪದೆ ಪಾಲಿಸಬೇಕು.

1. ಕೆಲಸವನ್ನು ಕೊಟ್ಟಿಗೆ ಅಥವಾ ಶೆಡ್ಡಿನ ಒಳಗೆ ಮಾಡದೆ, ಬಯಲಿನಲ್ಲಿ ಹಗಲು ಹೊತ್ತಿನಲ್ಲಿ ಮಾಡಬೇಕು.
2. ಹತ್ತಿರದಲ್ಲಿ ಬೀಡಿ, ಸಿಗರೇಟು, ಒಲೆ, ದೀಪ ಯಾವುದೂ ಇರಬಾರದು. ಎರಡು ಬಕೆಟ್ ಒಣ ಮರಳು ಕೈಗೆ ಸಿಗುವಂತಿರಲಿ.
3. ಟ್ಯಾಂಕ್ ಯೂನಿಟ್ಟನ್ನು ಬಿಚ್ಚುವ ಮೊದಲು ಬ್ಯಾಟರಿಯ ಅರ್ಥಿಂಗ್ ತಂತಿಯನ್ನು ಕಳಚಬೇಕು.
4. ಟ್ಯಾಂಕು ತೆರೆದಿರುವಾಗ ಅದರ ಬಳಿ ವಿದ್ಯುತ್ ಪರೀಕ್ಷೆ ಮಾಡಲೇಬಾರದು.
5. ಟ್ಯಾಂಕಿಗೆ ಮನೆಯಲ್ಲಿ ಅಥವಾ ಹಳ್ಳಿಯ ಸಾಮಾನ್ಯ ಅಂಗಡಿಯಲ್ಲಿ ಬೆಸುಗೆ ಹಾಕಿಸಬಾರದು. ಬರಿದು ಮಾಡಿ ಒಣಗಿಸಿದ ಟ್ಯಾಂಕೂ ಸಿಡಿಯಬಲ್ಲದು.

ಬೇಕಾಗುವ ಸಾಮಗ್ರಿ

ಸ್ಕ್ರೂಡ್ರೈವರ್, ಸ್ಪ್ಯಾನರುಗಳು, ಉಪ್ಪು ಕಾಗದ, ಎರಡು ಮೀಟರ್ ಉದ್ದದ ವೈರು, ಎರಡು ತುದಿಗೂ ಕ್ಲಿಪ್ಪು, 12 ವೋಲ್ಟಿನ ಟೆಸ್ಟ್ ಲ್ಯಾಂಪು, ಸಾಧ್ಯವಾದರೆ ಒಂದು ಸಾಧಾರಣ ಮಲ್ಟಿಮೀಟರು. ಮಲ್ಟಿಮೀಟರು ಇಲ್ಲದಿದ್ದರೂ ಮೊದಲ ಮೂರು ಪರೀಕ್ಷೆಗಳನ್ನು ಮಾಡಬಹುದು.

ಪರೀಕ್ಷೆ 1: ವಿದ್ಯುತ್ತು ಬರುತ್ತಿದೆಯೇ?

ಕೀಲಿ ತಿರುಗಿಸಿದಾಗ ಇಂಧನದ ಮೀಟರು ಮಾತ್ರ ಸತ್ತಿದೆಯೋ, ಉಷ್ಣತೆಯ ಮೀಟರೂ ಸತ್ತಿದೆಯೋ ಎಂದು ನೋಡಬೇಕು. ಎರಡೂ ಸತ್ತಿದ್ದರೆ ಟ್ಯಾಂಕಿನ ತಂಟೆಗೆ ಹೋಗಬೇಕಾಗಿಲ್ಲ. ಫ್ಯೂಸು ಸುಟ್ಟಿರಬಹುದು, ಮೀಟರುಗಳಿಗೆ ಬರುವ ವೈರು ಕಳಚಿರಬಹುದು ಅಥವಾ ರೆಗ್ಯುಲೇಟರು ಕೆಟ್ಟಿರಬಹುದು. ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಚಾಸಿಗೆ ಸಿಕ್ಕಿಸಿ, ಇನ್ನೊಂದನ್ನು ಮೀಟರಿಗೆ ವಿದ್ಯುತ್ತು ಬರುವ ತುದಿಗೆ ಮುಟ್ಟಿಸಿದರೆ ದೀಪ ಉರಿಯಬೇಕು. ಸುಟ್ಟ ಫ್ಯೂಸಿನ ಬದಲು ದಪ್ಪ ತಂತಿ ಸುತ್ತಬಾರದು. ಅದೇ ಅಳತೆಯ ಫ್ಯೂಸನ್ನೇ ಹಾಕಬೇಕು.

ಪರೀಕ್ಷೆ 2: ಅರ್ಥಿಂಗ್ ಸರಿಯಾಗಿದೆಯೇ?

ಇದು ಅತ್ಯಂತ ಸುಲಭವಾದ, ಆದರೆ ಹೆಚ್ಚಿನವರು ಮರೆಯುವ ಪರೀಕ್ಷೆ. ಟ್ಯಾಂಕನ್ನು ಕೂರಿಸಿರುವ ರಬ್ಬರು, ಯೂನಿಟ್ಟಿನ ಕೆಳಗಿನ ಗ್ಯಾಸ್ಕೆಟ್ಟು, ಹೊಸದಾಗಿ ಬಳಿದ ಬಣ್ಣ, ಮಲೆನಾಡಿನ ತೇವದಿಂದ ಬಂದ ತುಕ್ಕು ಇವು ಯಾವುವೂ ವಿದ್ಯುತ್ತನ್ನು ಸರಿಯಾಗಿ ಬಿಡುವುದಿಲ್ಲ. ವಾಹನಕ್ಕೆ ಬಣ್ಣ ಹೊಡೆಸಿದ ಮೇಲೆ ಮೀಟರು ಕೆಟ್ಟಿತು ಎಂಬ ದೂರಿಗೆ ಕಾರಣ ಇದೇ ಇರಬಹುದು.

ಕೀಲಿಯನ್ನು ಮುಚ್ಚಿಟ್ಟು, ವೈರಿನ ಒಂದು ತುದಿಯ ಕ್ಲಿಪ್ಪನ್ನು ಯೂನಿಟ್ಟಿನ ಲೋಹದ ಬಿಲ್ಲೆಯ ತಿರುಪಿಗೂ ಇನ್ನೊಂದನ್ನು ಚಾಸಿಯ ಸ್ವಚ್ಛವಾದ ಜಾಗಕ್ಕೂ ಸಿಕ್ಕಿಸಬೇಕು. ಆಮೇಲೆ ಕೀಲಿ ತಿರುಗಿಸಿ ಮುಳ್ಳನ್ನು ನೋಡಬೇಕು. ಮುಳ್ಳು ಸರಿಯಾದ ಜಾಗಕ್ಕೆ ಬಂದರೆ ದೋಷ ಸಿಕ್ಕಿದಂತೆ. ತಿರುಪಿನ ಸುತ್ತ ಮತ್ತು ಚಾಸಿಯ ಮೇಲೆ ಉಪ್ಪು ಕಾಗದದಿಂದ ಉಜ್ಜಿ, ಹೊಳೆಯುವ ಲೋಹ ಕಾಣಿಸಿದ ಮೇಲೆ, ಒಂದು ಖಾಯಂ ಅರ್ಥಿಂಗ್ ವೈರನ್ನು ಬಿಗಿಯಾಗಿ ಜೋಡಿಸಬೇಕು. ಜೋಡಣೆಯ ಮೇಲೆ ಸ್ವಲ್ಪ ಗ್ರೀಸು ಸವರಿದರೆ ಮತ್ತೆ ತುಕ್ಕು ಹಿಡಿಯುವುದು ತಡವಾಗುತ್ತದೆ. ಪ್ಲಾಸ್ಟಿಕ್ ಟ್ಯಾಂಕು ಹಾಕಿಸಿದ ವಾಹನಗಳಲ್ಲಿ ಈ ಪ್ರತ್ಯೇಕ ವೈರು ಇರಲೇಬೇಕು.

ಮೀಟರುಗಳ ತಟ್ಟೆಯ ಅರ್ಥಿಂಗನ್ನೂ ಇದೇ ರೀತಿ ಪರೀಕ್ಷಿಸಬೇಕು.

ಪರೀಕ್ಷೆ 3: ವೈರು ಮತ್ತು ಮೀಟರು ಸರಿಯಾಗಿವೆಯೇ?

ಟ್ಯಾಂಕಿನ ಮುಚ್ಚಳ ಹಾಕಿರಬೇಕು. ಕೀಲಿಯನ್ನು ಮುಚ್ಚಿ, ಯೂನಿಟ್ಟಿನ ತಲೆಯ ಮೇಲಿನ ವೈರನ್ನು ಕಳಚಿ, ಅದರ ತುದಿ ಯಾವ ಲೋಹಕ್ಕೂ ತಾಗದಂತೆ ಇಡಬೇಕು. ಕೀಲಿ ತಿರುಗಿಸಿ ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡಬೇಕು. ಮತ್ತೆ ಕೀಲಿಯನ್ನು ಮುಚ್ಚಿ, ಆ ವೈರನ್ನು ಕ್ಲಿಪ್ಪಿನ ಮೂಲಕ ಚಾಸಿಗೆ ಜೋಡಿಸಬೇಕು. ಜೋಡಿಸಿದ ಮೇಲೆಯೇ ಕೀಲಿ ತಿರುಗಿಸಬೇಕು. ಹೀಗೆ ಮಾಡಿದರೆ ಟ್ಯಾಂಕಿನ ಬಳಿ ಕಿಡಿ ಹಾರುವುದಿಲ್ಲ. ಮುಳ್ಳು ಚಲಿಸಿ ತುದಿಯ ಹತ್ತಿರ ಬಂದ ಕೂಡಲೇ ಕೀಲಿಯನ್ನು ಮುಚ್ಚಬೇಕು. ಜೋಡಿ ಲೋಹದ ಮೀಟರನ್ನು ಹೆಚ್ಚು ಹೊತ್ತು ಹೀಗೆ ಬಿಟ್ಟರೆ ಅದು ಕಾದು ಕೆಡುತ್ತದೆ. ನೇರವಾಗಿ ಜೋಡಿಸುವುದರ ಬದಲು 10 ಓಂನ ರೆಸಿಸ್ಟರಿನ ಮೂಲಕ ಜೋಡಿಸುವುದು ಇನ್ನೂ ಕ್ಷೇಮ.

ಮೊದಲೆರಡು ಬಗೆಯ ಮೀಟರುಗಳಲ್ಲಿ ವೈರು ಕಳಚಿದಾಗ ಮುಳ್ಳು ಖಾಲಿಯ ಕಡೆಗೂ ಚಾಸಿಗೆ ಜೋಡಿಸಿದಾಗ ಪೂರ್ತಿಯ ಕಡೆಗೂ ಹೋಗಬೇಕು. ಕೊನೆಯ ಎರಡು ಬಗೆಗಳಲ್ಲಿ ಇದಕ್ಕೆ ವಿರುದ್ಧವಾಗಿರುತ್ತದೆ. ಯಾವುದೇ ಬಗೆಯಾದರೂ ಮುಳ್ಳು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರೆ ಮೀಟರೂ ವೈರೂ ಸರಿಯಾಗಿವೆ, ದೋಷ ಟ್ಯಾಂಕ್ ಯೂನಿಟ್ಟಿನಲ್ಲಿದೆ ಎಂದು ತಿಳಿಯಬೇಕು. ಆಗ ಹೊಸ ಮೀಟರು ಕೊಳ್ಳುವುದು ಹಣ ಕಳೆದುಕೊಂಡಂತೆ.

ಮುಳ್ಳು ಅಲುಗಾಡದಿದ್ದರೆ ಇದೇ ಪರೀಕ್ಷೆಯನ್ನು ಮೀಟರಿನ ಹಿಂಬದಿಯಲ್ಲಿ, ಟ್ಯಾಂಕಿಗೆ ಹೋಗುವ ವೈರಿನ ತುದಿಯಲ್ಲಿ ಮಾಡಬೇಕು. ಅಲ್ಲಿ ಮುಳ್ಳು ಚಲಿಸಿದರೆ ನಡುವಿನ ವೈರು ತುಂಡಾಗಿದೆ ಅಥವಾ ಎಲ್ಲಿಯೋ ಚಾಸಿಗೆ ತಾಗಿದೆ ಎಂದು ಅರ್ಥ. ಶೆಡ್ಡಿನಲ್ಲಿ ನಿಲ್ಲುವ ವಾಹನಗಳ ವೈರುಗಳನ್ನು ಇಲಿಗಳು ಕಡಿಯುವುದು ಸಾಮಾನ್ಯ. ಆಸನದ ಕೆಳಗೆ, ಚಾಸಿಯ ಅಂಚಿನಲ್ಲಿ, ಹಲಗೆಯ ತೂತುಗಳಲ್ಲಿ ವೈರು ಉಜ್ಜಿಹೋಗಿರುವುದೂ ಉಂಟು. ಹಳೆಯ ವೈರನ್ನು ಹುಡುಕಿ ತೇಪೆ ಹಾಕುವುದಕ್ಕಿಂತ ಹೊಸ ವೈರನ್ನು ಕೊಳವೆಯೊಳಗೆ ತೂರಿಸಿ ಎಳೆಯುವುದು ಉತ್ತಮ.

ಪರೀಕ್ಷೆ 4: ಟ್ಯಾಂಕ್ ಯೂನಿಟ್

ಬ್ಯಾಟರಿಯ ಅರ್ಥಿಂಗ್ ತಂತಿಯನ್ನು ಕಳಚಿದ ಮೇಲೆ ಯೂನಿಟ್ಟಿನ ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ತೆಗೆಯಬೇಕು. ಇಲ್ಲದಿದ್ದರೆ ಅದೆಲ್ಲವೂ ಟ್ಯಾಂಕಿನೊಳಗೆ ಬೀಳುತ್ತದೆ. ತಿರುಪುಗಳ ರಂಧ್ರಗಳ ಅಂತರ ಅನೇಕ ಯೂನಿಟ್ಟುಗಳಲ್ಲಿ ಒಂದೇ ಸಮನಾಗಿರುವುದಿಲ್ಲ. ಮತ್ತೆ ಅದೇ ದಿಕ್ಕಿನಲ್ಲಿ ಕೂರಿಸಲು ಮೊದಲೇ ಗುರುತು ಮಾಡಿಕೊಳ್ಳಬೇಕು. ಫ್ಲೋಟಿನ ಕಡ್ಡಿ ಬಾಗದಂತೆ ಯೂನಿಟ್ಟನ್ನು ಓರೆಯಾಗಿ, ನಿಧಾನವಾಗಿ ಹೊರಗೆ ತೆಗೆದು, ಟ್ಯಾಂಕಿನ ಬಾಯಿಯನ್ನು ಕೂಡಲೇ ಮುಚ್ಚಬೇಕು. ಯೂನಿಟ್ಟನ್ನು ಒರೆಸಿ, ಗಾಳಿಯಲ್ಲಿ ಆರಲು ಬಿಟ್ಟು, ಟ್ಯಾಂಕಿನಿಂದ ದೂರ ಒಯ್ದು ಪರೀಕ್ಷಿಸಬೇಕು.

ಫ್ಲೋಟು: ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ದ್ರವದ ಸದ್ದು ಕೇಳಿದರೆ ಫ್ಲೋಟು ತೂತಾಗಿದೆ. ತೂತಾದ ಫ್ಲೋಟು ಮುಳುಗುವುದರಿಂದ ಟ್ಯಾಂಕು ತುಂಬಿದ್ದರೂ ಮುಳ್ಳು ಖಾಲಿ ತೋರಿಸುತ್ತದೆ. ಸದ್ದು ಕೇಳದಿದ್ದರೂ ಅನುಮಾನವಿದ್ದರೆ ಬಿಸಿನೀರಿನಲ್ಲಿ ಮುಳುಗಿಸಿದಾಗ ಗುಳ್ಳೆಗಳು ಬರುತ್ತವೆಯೇ ಎಂದು ನೋಡಬೇಕು. ಬಿಸಿನೀರನ್ನು ಒಲೆಯಿಂದ ದೂರ ತಂದು ಬಳಸಬೇಕು. ಹಿತ್ತಾಳೆಯ ಫ್ಲೋಟಿಗೆ ಬೆಸುಗೆ ಹಾಕಬಹುದಾದರೂ ಒಳಗೆ ಉಳಿದ ಇಂಧನ ಹೊತ್ತಿಕೊಳ್ಳುವ ಅಪಾಯವಿದೆ. ಬೆಸುಗೆಯ ಭಾರದಿಂದ ಫ್ಲೋಟು ತುಸು ಕೆಳಗೆ ತೇಲಿ ಮುಳ್ಳು ಕಡಿಮೆ ತೋರಿಸುವುದೂ ಉಂಟು. ಆದುದರಿಂದ ಫ್ಲೋಟನ್ನು ಬದಲಾಯಿಸುವುದೇ ಮೇಲು.

ಸುರುಳಿ: ಮಲ್ಟಿಮೀಟರನ್ನು ಓಂ ಅಳತೆಗೆ ಇಟ್ಟು, ಒಂದು ಕಡ್ಡಿಯನ್ನು ಯೂನಿಟ್ಟಿನ ವೈರು ಸೇರುವ ತುದಿಗೂ ಇನ್ನೊಂದನ್ನು ಲೋಹದ ಬಿಲ್ಲೆಗೂ ಹಿಡಿಯಬೇಕು. ಫ್ಲೋಟಿನ ಕಡ್ಡಿಯನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎತ್ತಬೇಕು. ಓಂ ಸಂಖ್ಯೆ ಹಂತ ಹಂತವಾಗಿ ಬದಲಾಗಬೇಕು. ನಡುವೆ ಎಲ್ಲಿಯಾದರೂ ಸಂಖ್ಯೆ ಒಮ್ಮೆಲೇ ಹಾರಿದರೆ ಅಲ್ಲಿ ತಂತಿ ಸವೆದಿದೆ ಅಥವಾ ಕೊಳೆ ಕುಳಿತಿದೆ. ಕೊಳೆಯಾಗಿದ್ದರೆ ಮೆತ್ತನೆಯ ಬಟ್ಟೆಯಿಂದ ಒರೆಸಿ ಸರಿಮಾಡಬಹುದು. ಸುರುಳಿಯನ್ನು ಉಪ್ಪು ಕಾಗದದಿಂದ ಉಜ್ಜಬಾರದು. ಕೂದಲಿನಷ್ಟು ಸಣ್ಣ ತಂತಿ ತುಂಡಾದೀತು. ತಂತಿ ಸವೆದಿದ್ದರೆ ಯೂನಿಟ್ಟನ್ನೇ ಬದಲಾಯಿಸಬೇಕು.

ಕಡ್ಡಿ: ಮುಳ್ಳು ಎಲ್ಲ ಮಟ್ಟದಲ್ಲಿಯೂ ಒಂದೇ ರೀತಿ ಹೆಚ್ಚು ಅಥವಾ ಕಡಿಮೆ ತೋರಿಸುತ್ತಿದ್ದು, ಓಂ ಸಂಖ್ಯೆಗಳು ಸರಿಯಾಗಿದ್ದರೆ ಕಡ್ಡಿ ಬಾಗಿರಬಹುದು. ಅದನ್ನು ಸ್ವಲ್ಪ ಸ್ವಲ್ಪವಾಗಿ ಬಗ್ಗಿಸಿ ಸರಿಪಡಿಸಬಹುದು. ಟ್ಯಾಂಕಿನ ತಳಕ್ಕೂ ಮೇಲ್ಭಾಗಕ್ಕೂ ಫ್ಲೋಟು ತಾಗದಂತೆ ನೋಡಿಕೊಳ್ಳಬೇಕು.

ಯೂನಿಟ್ಟನ್ನು ಮತ್ತೆ ಕೂರಿಸುವಾಗ ಇಂಧನಕ್ಕೆ ತಾಳುವ ಗ್ಯಾಸ್ಕೆಟ್ಟನ್ನೇ ಬಳಸಬೇಕು. ಸೈಕಲ್ ಟ್ಯೂಬನ್ನು ಕತ್ತರಿಸಿ ಹಾಕುವ ಅಭ್ಯಾಸ ಕೆಲವೆಡೆ ಇದೆ. ಸಾಮಾನ್ಯ ರಬ್ಬರು ಪೆಟ್ರೋಲು ಮತ್ತು ಡೀಸೆಲಿನಲ್ಲಿ ಉಬ್ಬಿ ಸೋರಲಾರಂಭಿಸುತ್ತದೆ. ಪೆಟ್ರೋಲಿಗೆ ಬೆರೆಸುವ ಎಥೆನಾಲಿನ ಪ್ರಮಾಣ 2025ರ ವೇಳೆಗೆ ಶೇ. 20ಕ್ಕೆ ಮುಟ್ಟಿದೆ. ಎಥೆನಾಲು ನೀರನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಅದು ಹಳೆಯ ರಬ್ಬರು ಭಾಗಗಳನ್ನೂ ಮೆತ್ತಗೆ ಮಾಡಬಲ್ಲದು. ಆದುದರಿಂದ ಪೆಟ್ರೋಲ್ ಜೀಪು ಇಟ್ಟುಕೊಂಡವರು ಗ್ಯಾಸ್ಕೆಟ್ಟು, ಕೊಳವೆ, ಟ್ಯಾಂಕಿನ ಒಳಗಿನ ತುಕ್ಕು ಇವುಗಳನ್ನು ಆಗಾಗ ಪರೀಕ್ಷಿಸುವುದು ಅಗತ್ಯ.

ಪರೀಕ್ಷೆ 5: ರೆಗ್ಯುಲೇಟರು

ಇಂಧನ ಮತ್ತು ಉಷ್ಣತೆಯ ಮೀಟರುಗಳೆರಡೂ ಒಟ್ಟಿಗೆ ಹೆಚ್ಚು ತೋರಿಸುತ್ತಿದ್ದರೆ ರೆಗ್ಯುಲೇಟರಿನ ಮೇಲೆ ಅನುಮಾನ ಪಡಬೇಕು. ಹಳೆಯ ಮಾದರಿಯ ರೆಗ್ಯುಲೇಟರು ವಿದ್ಯುತ್ತನ್ನು ಬಿಟ್ಟು ಬಿಟ್ಟು ಕಳುಹಿಸುತ್ತದೆ. ಅದರ ಹೊರಗಿನ ತುದಿಗೆ ಟೆಸ್ಟ್ ಲ್ಯಾಂಪು ಹಿಡಿದಾಗ ದೀಪ ಮಿಣುಕಿದರೆ ಅದು ಕೆಲಸ ಮಾಡುತ್ತಿದೆ. ಒಂದೇ ಸಮನೆ ಪ್ರಖರವಾಗಿ ಉರಿದರೆ ರೆಗ್ಯುಲೇಟರು ಕೆಟ್ಟಿದೆ ಅಥವಾ ಅದಕ್ಕೆ ಅರ್ಥಿಂಗ್ ಸಿಗುತ್ತಿಲ್ಲ. ಹೀಗಿರುವಾಗ ವಾಹನ ಓಡಿಸುತ್ತಿದ್ದರೆ ಎರಡು ಮೀಟರುಗಳೂ ಸುಟ್ಟುಹೋಗಬಹುದು. ಕೆಲವು ಜೀಪುಗಳಲ್ಲಿ ರೆಗ್ಯುಲೇಟರು ಇಂಧನ ಮೀಟರಿನ ಒಳಗೇ ಇರುತ್ತದೆ. ಅಂತಹವನ್ನು ಆಟೋ ಎಲೆಕ್ಟ್ರಿಷಿಯನ್ನರಿಗೆ ತೋರಿಸುವುದು ಒಳ್ಳೆಯದು.

ಯುದ್ಧಕಾಲದ ವಿಲ್ಲಿಸ್ ಜೀಪುಗಳು 6 ವೋಲ್ಟಿನವು. ಇಂತಹ ಜೀಪಿಗೆ 12 ವೋಲ್ಟಿನ ಬ್ಯಾಟರಿ ಹಾಕಿ ಹಳೆಯ ಮೀಟರನ್ನು ಹಾಗೆಯೇ ಬಿಟ್ಟರೆ ಅದು ಸರಿಯಾಗಿ ತೋರಿಸುವುದಿಲ್ಲ, ಬಾಳುವುದೂ ಇಲ್ಲ. ವೋಲ್ಟೇಜು ತಗ್ಗಿಸುವ ಸಾಧನವನ್ನು ಅಥವಾ 12 ವೋಲ್ಟಿನ ಮೀಟರನ್ನು ಹಾಕಿಸಬೇಕು.

ಬದಲಿ ಭಾಗ ಕೊಳ್ಳುವಾಗ

ಮೀಟರು ಮತ್ತು ಟ್ಯಾಂಕ್ ಯೂನಿಟ್ ಒಂದೇ ಬಗೆಯ ಜೋಡಿಯಾಗಿರಬೇಕು. ಉದಾಹರಣೆಗೆ, 240 ರಿಂದ 33 ಓಂನ ಮೀಟರಿಗೆ 73 ರಿಂದ 10 ಓಂನ ಯೂನಿಟ್ಟನ್ನು ಹಾಕಿದರೆ, ಟ್ಯಾಂಕು ಖಾಲಿಯಾದಾಗಲೂ ಮುಳ್ಳು ಅರ್ಧಕ್ಕಿಂತ ಮೇಲೆ ನಿಲ್ಲುತ್ತದೆ. ಭಾಗಗಳೆರಡೂ ಹೊಸವು, ಆದರೂ ಮೀಟರು ಸುಳ್ಳು. ಅಂಗಡಿಗೆ ಹೋಗುವಾಗ ಹಳೆಯ ಯೂನಿಟ್ಟನ್ನು ಜೊತೆಗೆ ಒಯ್ದು ಕಡ್ಡಿಯ ಉದ್ದ, ತಿರುಪಿನ ರಂಧ್ರಗಳು, ಓಂ ಅಳತೆ ಈ ಮೂರನ್ನೂ ಹೋಲಿಸಿ ನೋಡಿಯೇ ಹಣ ಕೊಡಬೇಕು.

ಲಕ್ಷಣ ಮತ್ತು ಕಾರಣ

ಹಳೆಯ ಜೀಪುಗಳಲ್ಲಿ ಕಾಣುವ, ತುಂಬಿದಾಗ ರೋಧ ಇಳಿಯುವ ಬಗೆಯ ಮೀಟರುಗಳಿಗೆ ಈ ಪಟ್ಟಿ ಅನ್ವಯಿಸುತ್ತದೆ.

ಅ) ಯಾವಾಗಲೂ ಖಾಲಿ: ವೈರು ತುಂಡಾಗಿದೆ, ಅರ್ಥಿಂಗ್ ಇಲ್ಲ, ಅಥವಾ ಫ್ಲೋಟು ತೂತಾಗಿದೆ.
ಆ) ಯಾವಾಗಲೂ ಪೂರ್ತಿ: ಟ್ಯಾಂಕಿಗೆ ಹೋಗುವ ವೈರು ಚಾಸಿಗೆ ತಾಗಿದೆ.
ಇ) ಟ್ಯಾಂಕು ತುಂಬಿದರೂ ಮುಳ್ಳು ಮುಕ್ಕಾಲಿಗಿಂತ ಮೇಲೇರದು: ಅರ್ಥಿಂಗ್ ಅಥವಾ ಜೋಡಣೆಗಳಲ್ಲಿ ತುಕ್ಕು.
ಈ) ಒಂದು ಮಟ್ಟದಲ್ಲಿ ಮಾತ್ರ ಮುಳ್ಳು ಬಿದ್ದುಹೋಗುವುದು: ಸುರುಳಿ ಆ ಜಾಗದಲ್ಲಿ ಸವೆದಿದೆ.
ಉ) ದಾರಿಯ ಕುಲುಕಿಗೆ ಮುಳ್ಳು ಹಾರಾಡುವುದು: ಜೋಡಣೆ ಸಡಿಲವಾಗಿದೆ.
ಊ) ಎಲ್ಲ ಮಟ್ಟದಲ್ಲಿಯೂ ಒಂದೇ ಪ್ರಮಾಣದ ವ್ಯತ್ಯಾಸ: ಫ್ಲೋಟಿನ ಕಡ್ಡಿ ಬಾಗಿದೆ.
ಋ) ಎರಡು ಮೀಟರುಗಳೂ ಹೆಚ್ಚು ತೋರಿಸುವುದು: ರೆಗ್ಯುಲೇಟರಿನ ದೋಷ.

ಅಳತೆಯ ಪಟ್ಟಿ ಮಾಡಿಕೊಳ್ಳುವ ವಿಧಾನ

ದುರಸ್ತಿಯಾದ ಮೀಟರು ಕೂಡ ಲೀಟರ್ ಲೆಕ್ಕದಲ್ಲಿ ಕರಾರುವಾಕ್ಕಾಗಿರುವುದಿಲ್ಲ. ಟ್ಯಾಂಕಿನ ಆಕಾರ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿ ಇರದಿದ್ದರೆ ಮುಳ್ಳು ಅರ್ಧಕ್ಕೆ ಬಂದಾಗ ಇಂಧನ ಅರ್ಧವೇ ಇರಬೇಕೆಂದಿಲ್ಲ. ಆದುದರಿಂದ ಒಮ್ಮೆ ಅಳತೆಯ ಪಟ್ಟಿ ಮಾಡಿಕೊಂಡರೆ ಮುಂದೆ ಚಿಂತೆಯಿಲ್ಲ.

ಇಂಧನ ತೀರ ಕಡಿಮೆಯಾದಾಗ ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ತಳದ ತಿರುಪನ್ನು ಬಿಚ್ಚಿ ಉಳಿದುದನ್ನು ಶುದ್ಧವಾದ ಕ್ಯಾನಿಗೆ ಇಳಿಸಬೇಕು. ಈ ಸಮಯದಲ್ಲಿ ತಳದ ಕಸ ಮತ್ತು ನೀರೂ ಹೊರಗೆ ಬರುತ್ತದೆ. ತಿರುಪನ್ನು ಬಿಗಿಮಾಡಿ, ಅಳತೆಯ ಪಾತ್ರೆಯಿಂದ 5 ಲೀಟರ್ ಸುರಿದು, ಮುಚ್ಚಳ ಹಾಕಿ, ಎರಡು ನಿಮಿಷ ಕಾದು, ಕೀಲಿ ತಿರುಗಿಸಿ ಮುಳ್ಳಿನ ಜಾಗವನ್ನು ಬರೆದುಕೊಳ್ಳಬೇಕು. ಕೀಲಿಯನ್ನು ಮುಚ್ಚಿ, ಬಿದಿರಿನ ಕಡ್ಡಿಯಲ್ಲಿಯೂ ಅದೇ ಮಟ್ಟಕ್ಕೆ ಚಾಕುವಿನಿಂದ ಗೆರೆ ಹಾಕಬೇಕು. 40 ಲೀಟರಿನ ಟ್ಯಾಂಕಿಗೆ ಹೀಗೆ 8 ಗುರುತುಗಳಾಗುತ್ತವೆ. ಡೀಸೆಲ್ ವಾಹನದಲ್ಲಿ ಕೊನೆಗೆ ಕೊಳವೆಗಳ ಗಾಳಿ ತೆಗೆದು ಎಂಜಿನ್ ಹೊರಡಿಸಬೇಕು.

ತೋಟದಿಂದ ಅತಿ ದೂರದ ಪೆಟ್ರೋಲ್ ಬಂಕಿಗೆ ಹೋಗಲು ಬೇಕಾಗುವ ಇಂಧನಕ್ಕೆ ಇನ್ನೂ ಅಷ್ಟೇ ಸೇರಿಸಿ, ಆ ಮಟ್ಟಕ್ಕೆ ಮೀಟರಿನ ಗಾಜಿನ ಮೇಲೆ ಒಂದು ಕೆಂಪು ಚುಕ್ಕೆ ಇಡಬೇಕು. ಮುಳ್ಳು ಚುಕ್ಕೆಯನ್ನು ಮುಟ್ಟಿದ ದಿನವೇ ಇಂಧನ ತುಂಬಿಸಬೇಕು. ಮನೆಯವರು, ಡ್ರೈವರು ಯಾರೇ ಓಡಿಸಿದರೂ ಈ ಗುರುತು ಎಲ್ಲರಿಗೂ ತಿಳಿಯುತ್ತದೆ.

ಟ್ರ್ಯಾಕ್ಟರಿಗೂ ಇದೇ ಕ್ರಮ

ವಿದ್ಯುತ್ ಮೀಟರುಳ್ಳ ಹಳೆಯ ಟ್ರ್ಯಾಕ್ಟರುಗಳಿಗೂ ಈ ಪರೀಕ್ಷೆಗಳು ಅನ್ವಯಿಸುತ್ತವೆ. ಗಂಟೆಗೆ 4 ಲೀಟರ್ ಡೀಸೆಲ್ ಬೇಕೆಂದು ಇಟ್ಟುಕೊಂಡರೆ, 12 ಲೀಟರ್ ಇದೆಯೆಂದು ಮೀಟರು ತೋರಿಸಿದಾಗ 3 ಗಂಟೆ ಉಳುಮೆ ಮಾಡಬಹುದೆಂಬ ನಂಬಿಕೆ. ನಿಜವಾಗಿ 4 ಲೀಟರ್ ಇದ್ದರೆ ಒಂದೇ ಗಂಟೆಗೆ ಟ್ರ್ಯಾಕ್ಟರು ಹೊಲದ ನಡುವೆ ನಿಲ್ಲುತ್ತದೆ. ಬಿತ್ತನೆಯ ಹದ ಕಾಯುವುದಿಲ್ಲ. ದಿನದ ಕೆಲಸ ಮುಗಿದ ಮೇಲೆ ಸಂಜೆಯೇ ಟ್ಯಾಂಕು ತುಂಬಿಸಿಡುವುದು ಒಳ್ಳೆಯ ಅಭ್ಯಾಸ. ಖಾಲಿ ಜಾಗದಲ್ಲಿ ರಾತ್ರಿಯ ತಂಪಿಗೆ ನೀರಿನ ಹನಿ ಕಟ್ಟುವುದು ಇದರಿಂದ ತಪ್ಪುತ್ತದೆ.

ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಅರ್ಥಿಂಗ್ ಜೋಡಣೆಗಳನ್ನು ಬಿಚ್ಚಿ ಉಜ್ಜಿ ಮತ್ತೆ ಬಿಗಿಮಾಡಬೇಕು. ವೈರುಗಳನ್ನು ಇಲಿ ಕಡಿದಿದೆಯೇ ಎಂದು ನೋಡಬೇಕು. ಮೀಟರಿನ ಮುಳ್ಳನ್ನು ತಿಂಗಳಿಗೊಮ್ಮೆ ಕಡ್ಡಿಯ ಅಳತೆಯೊಡನೆ ಹೋಲಿಸಬೇಕು. ವಿಸ್ತರಣಾ ಕಾರ್ಯಕರ್ತರು ಯಂತ್ರೋಪಕರಣಗಳ ತರಬೇತಿಯಲ್ಲಿ ಮೊದಲ ಮೂರು ಪರೀಕ್ಷೆಗಳನ್ನು ಒಂದು ಹಳೆಯ ಜೀಪಿನ ಮೇಲೆ ಮಾಡಿ ತೋರಿಸಿದರೆ ರೈತರಿಗೆ ಸುಲಭವಾಗಿ ಮನದಟ್ಟಾಗುತ್ತದೆ. ದುರಸ್ತಿ ಮುಗಿಯುವವರೆಗೂ ಮುಳ್ಳನ್ನು ನಂಬದೆ, ಆ ಬಿದಿರಿನ ಕಡ್ಡಿಯನ್ನು ವಾಹನದಲ್ಲಿಯೇ ಇಟ್ಟುಕೊಂಡು, ಹೊರಡುವ ಮುನ್ನ ಒಮ್ಮೆ ಅಳೆದು ನೋಡತಕ್ಕದ್ದು.